ಗಡಿಯಾರ ಸುಳ್ಳು ಹೇಳೀತು, ನಿದ್ದೆ ಹೇಳದು!

ಇ-ಮೇಲ್ ಕಳಿಸಿದವರು ಹೆಸರು ಬದಲಿಸಬಹುದು, ವಿಳಾಸ ಮರೆಸಬಹುದು. ಆದರೆ ಪ್ರತಿ ಮೇಲ್‌ನ ಒಡಲಲ್ಲೂ ಗಂಟೆ-ನಿಮಿಷದ ಒಂದು ಲೆಕ್ಕ ಕೂತಿರುತ್ತದೆ. ಆ ಲೆಕ್ಕದ ಜಾಡು ಹಿಡಿದವರು ಮಾಸ್ಕೊದ ಕಚೇರಿ ವೇಳೆಯನ್ನು ಪತ್ತೆ ಹಚ್ಚಿದ್ದಾರೆ, ಬಿಟ್‌ಕಾಯಿನ್ ಜನಕ ಮಲಗುವ ಹೊತ್ತನ್ನೂ. ಹಾಗೆಂದು ಗಡಿಯಾರ ಹೇಳಿದ್ದನ್ನೆಲ್ಲ ನಂಬಿದರೆ ಕೆಟ್ಟಿರಿ!

ತಡವಾಗಿದ್ದು ಬರೀ ಅರ್ಧ ಸೆಕೆಂಡ್.

2024ರ ಮಾರ್ಚ್ ತಿಂಗಳು. ಮೈಕ್ರೊಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಡೇಟಾಬೇಸ್ ಒಂದರ ವೇಗ ಅಳೆಯುತ್ತ ಕೂತಿದ್ದರು. ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವ ಕೆಲಸ ಯಾಕೋ ಎಂದಿಗಿಂತ ನಿಧಾನ. ಬೇರೆಯವರಾಗಿದ್ದರೆ ‘ನೆಟ್ ಸ್ಲೋ ಇರಬೇಕು’ ಎಂದು ಗೊಣಗಿ ಕಾಫಿಗೆ ಎದ್ದು ಹೋಗುತ್ತಿದ್ದರು. ಫ್ರಾಯಿಂಡ್ ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದರು.

ಸಿಕ್ಕಿದ್ದು ಕಳ್ಳಬಾಗಿಲು. ಕಡತಗಳನ್ನು ಕುಗ್ಗಿಸಲು ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಸುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಪುಟ್ಟ ಉಚಿತ ತಂತ್ರಾಂಶದೊಳಗೆ ಯಾರೋ ಅದನ್ನು ಕೂರಿಸಿದ್ದರು. ಕೀಲಿ ಇದ್ದವನು ಪಾಸ್‌ವರ್ಡ್‌ನ ಹಂಗಿಲ್ಲದೆ ಸರ್ವರ್‌ಗಳೊಳಗೆ ನುಗ್ಗಬಹುದಿತ್ತು. ಮಾರ್ಚ್ 29ರ ಗುಡ್ ಫ್ರೈಡೇ ದಿನ ಫ್ರಾಯಿಂಡ್ ವಿಷಯವನ್ನು ಬಹಿರಂಗಪಡಿಸಿದಾಗ ಭದ್ರತಾ ತಜ್ಞರ ರಜೆ ಅಲ್ಲಿಗೇ ಮುಗಿಯಿತು. ಅಪಾಯದ ಅಳತೆಗೋಲಿನಲ್ಲಿ ಈ ಲೋಪಕ್ಕೆ ಹತ್ತಕ್ಕೆ ಹತ್ತು ಅಂಕ.

ಕಳ್ಳಬಾಗಿಲಿಟ್ಟ ಖಾತೆಯ ಹೆಸರು ಜಿಯಾ ಟ್ಯಾನ್. ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೊನೆಗೆ ತಂತ್ರಾಂಶದ ಉಸ್ತುವಾರಿಯನ್ನೇ ಪಡೆದ ‘ಸ್ವಯಂಸೇವಕ’. ಅವನೋ, ಅವಳೋ, ಒಂದು ತಂಡವೋ, ಗೊತ್ತಿಲ್ಲ. ಮುಖ ಕಂಡವರಿಲ್ಲ, ದನಿ ಕೇಳಿದವರಿಲ್ಲ. ಹಳೆಯ ಉಸ್ತುವಾರಿ ನಿಧಾನ ಮಾಡುತ್ತಿದ್ದಾರೆಂದು ಮೇಲ್ ಮೇಲೆ ಮೇಲ್ ಹಾಕಿ ಜಿಯಾ ಟ್ಯಾನ್‌ಗೆ ದಾರಿ ಸುಗಮ ಮಾಡಿಕೊಟ್ಟವರಲ್ಲಿ ‘ಜಿಗರ್ ಕುಮಾರ್’ ಎಂಬ ನಮ್ಮ ಕಡೆಯ ಹೆಸರೂ ಇತ್ತು. ಅದೂ ನಕಲಿ ಎಂದೇ ತಜ್ಞರ ಅನುಮಾನ.

ಹೆಸರು ನಂಬುವಂತಿಲ್ಲ ಎಂದಾದಾಗ ಪತ್ತೇದಾರರು ತಿರುಗಿದ್ದು ಗಡಿಯಾರದ ಕಡೆಗೆ.

ಮೇಲ್‌ಗೊಂದು ಮುದ್ರೆ

ಅಂಚೆ ಕಾಗದದ ಮೇಲೆ ಊರಿನ ಹೆಸರಿರುವ ದುಂಡು ಮುದ್ರೆ ಬೀಳುತ್ತಿತ್ತಲ್ಲ, ಇ-ಮೇಲ್‌ಗೂ ಅಂಥದ್ದೊಂದು ಇದೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಜಿಮೇಲ್‌ನಲ್ಲಿ ಯಾವುದೇ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿದರೆ ಮೇಲ್‌ನ ಹೊಟ್ಟೆಯೊಳಗಿರುವುದೆಲ್ಲ ಹೊರಬೀಳುತ್ತದೆ. ಅದನ್ನೇ ಹೆಡರ್ ಎನ್ನುವುದು.

ಅಲ್ಲಿ ‘ಡೇಟ್’ ಎಂಬ ಸಾಲು ಹುಡುಕಿ. ‘ಭಾನುವಾರ, 12 ಜನವರಿ 2025, 21:14:07 +0530’ ಎಂಬ ಧಾಟಿಯಲ್ಲಿರುತ್ತದೆ. ಕೊನೆಯ ಐದು ಅಕ್ಷರಗಳೇ ಕಥಾನಾಯಕ. ಕಳಿಸಿದ ಕಂಪ್ಯೂಟರಿನ ಗಡಿಯಾರ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ ಎಂದು ಅದರ ಅರ್ಥ. ಹೀಗೆ ಗಂಟೆಯ ಜೊತೆಗೆ ವಲಯವನ್ನೂ ಬರೆಯುವ ಪದ್ಧತಿಯನ್ನು ಡೇವಿಡ್ ಕ್ರಾಕರ್ 1982ರಲ್ಲಿ ಸಿದ್ಧಪಡಿಸಿದ ಇ-ಮೇಲ್ ಮಾನದಂಡದಲ್ಲೇ ಕಾಣಬಹುದು. ಬೇರೆ ಬೇರೆ ಊರಿನ ಮೇಲ್‌ಗಳನ್ನು ಸರಿಯಾದ ಸರದಿಯಲ್ಲಿ ಜೋಡಿಸಬೇಕಿತ್ತು, ಅದಕ್ಕೆ ವಲಯ ಬೇಕಿತ್ತು. ಪತ್ತೇದಾರಿಕೆ ಯಾರ ಮನಸ್ಸಿನಲ್ಲೂ ಇರಲಿಲ್ಲ.

ಕಾಲ ಹಿಡಿದು ಜಾಗ ಕಂಡುಹಿಡಿಯುವುದು ಹೊಸ ವಿದ್ಯೆಯೇನಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಎರಡು ಊರುಗಳ ಸೂರ್ಯ ನೆತ್ತಿಗೆ ಬರುವ ಹೊತ್ತಿನಲ್ಲಿ ನಾಲ್ಕು ನಿಮಿಷ ವ್ಯತ್ಯಾಸವಿದ್ದರೆ ಅವುಗಳ ನಡುವೆ ಒಂದು ಡಿಗ್ರಿ ರೇಖಾಂಶದ ಅಂತರ. ನಮ್ಮ ಪಂಚಾಂಗಕರ್ತರು ಉಜ್ಜಯಿನಿಯ ಮಧ್ಯರೇಖೆಯಿಂದ ದೇಶಾಂತರ ಸಂಸ್ಕಾರ ಮಾಡುತ್ತಿದ್ದುದೂ, ಯುರೋಪಿನ ನಾವಿಕರು ಗಡಿಯಾರ ಹೊತ್ತು ಸಮುದ್ರಕ್ಕಿಳಿದದ್ದೂ ಇದೇ ಲೆಕ್ಕಕ್ಕೆ.

ಈ ಲೆಕ್ಕದಲ್ಲಿ ನಾವು ಭಾರತೀಯರು ಸುಲಭಕ್ಕೆ ಸಿಕ್ಕಿಬೀಳುವವರು. +0100 ಎಂದಿದ್ದರೆ ಸ್ಪೇನಿನಿಂದ ಪೋಲೆಂಡಿನವರೆಗೆ, ನೈಜೀರಿಯಾವನ್ನೂ ಸೇರಿಸಿ, ಹತ್ತಾರು ದೇಶಗಳ ಮೇಲೆ ಅನುಮಾನ ಪಡಬೇಕು. +0530 ಎಂದರೆ ಭಾರತ, ಇಲ್ಲವೇ ಶ್ರೀಲಂಕಾ. ಆ ಅರ್ಧ ಗಂಟೆ ನಮ್ಮನ್ನು ಜಗತ್ತಿನ ಎದುರು ಬೊಟ್ಟು ಮಾಡಿ ತೋರಿಸುತ್ತದೆ. ಅದೇ ದೇಶದೊಳಗೆ ಬಂದರೆ ಮುದ್ರೆ ಮೂಕ. ದ್ವಾರಕೆಗೂ ಅರುಣಾಚಲಕ್ಕೂ ಸೂರ್ಯೋದಯದಲ್ಲಿ ಸುಮಾರು ಎರಡು ಗಂಟೆ ಅಂತರವಿದ್ದರೂ ಮೇಲ್‌ನ ಮುದ್ರೆ ಒಂದೇ.

■ ಬಾಕ್ಸ್: ಮುದ್ರೆ ನೋಡಿ ದೇಶ ಹೇಳಿ

• +0545: ನೇಪಾಳ. ಮುಕ್ಕಾಲು ಗಂಟೆಯ ಗಡಿಯಾರ, 1986ರಿಂದ.
• +0430: ಅಫ್ಗಾನಿಸ್ತಾನ. +0630: ಮ್ಯಾನ್ಮಾರ್.
• +0800: ಚೀನಾ ಪೂರ್ತಿ, ಜೊತೆಗೆ ಸಿಂಗಪುರ, ಮಲೇಷ್ಯಾ, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾದ ಪರ್ತ್.
• +0830: ಉತ್ತರ ಕೊರಿಯಾ. ಆದರೆ 2015ರ ಆಗಸ್ಟ್ 15ರಿಂದ 2018ರ ಮೇವರೆಗೆ ಮಾತ್ರ. ಈಗ ದಕ್ಷಿಣದಂತೆಯೇ +0900.
• -0430: ವೆನೆಜುವೆಲಾ, 2007ರಿಂದ 2016ರವರೆಗೆ.
• -0000: ‘ಕಳಿಸಿದವರ ವಲಯ ಹೇಳಲಾರೆ’ ಎಂಬ ಸಂಕೇತ. ಲಂಡನ್ ಅಲ್ಲ!

ಚೀನಾದ ಹೆಸರು, ಯಾವೂರ ಚಳಿಗಾಲ?

ಮತ್ತೆ ಜಿಯಾ ಟ್ಯಾನ್‌ಗೆ ಬರೋಣ. ತಂತ್ರಾಂಶದ ಕೋಡ್ ಬದಲಿಸಿದಾಗಲೆಲ್ಲ ‘ಗಿಟ್’ ಎಂಬ ವ್ಯವಸ್ಥೆ ಒಂದು ದಾಖಲೆ ಬರೆದಿಡುತ್ತದೆ. ಅದರಲ್ಲೂ ಇ-ಮೇಲ್‌ನಂತೆಯೇ ಗಂಟೆ, ನಿಮಿಷ, ವಲಯ ಎಲ್ಲವೂ ಇರುತ್ತದೆ. ಜಿಯಾ ಟ್ಯಾನ್‌ನ ನೂರಾರು ದಾಖಲೆಗಳಲ್ಲಿ ಬಹುಪಾಲು +0800. ಹೆಸರು ಚೀನಾದ್ದು, ಗಡಿಯಾರವೂ ಚೀನಾದ್ದು. ಕೇಸು ಮುಗಿಯಿತೆ?

ರಾಶಿಯಲ್ಲಿ ಬೆರಳೆಣಿಕೆಯಷ್ಟು ದಾಖಲೆಗಳು ಮಾತ್ರ ಬೇರೆ ರಾಗ ಹಾಡುತ್ತಿದ್ದವು. ಕೆಲವು +0200, ಕೆಲವು +0300. ಒಂದೇ ದಿನ ಎರಡು ವಲಯಗಳ ಮುದ್ರೆ ಬಿದ್ದದ್ದೂ ಉಂಟು. ಅಷ್ಟು ಹೊತ್ತಿನಲ್ಲಿ ವಿಮಾನ ಹತ್ತಿ ಇಳಿಯುವುದು ಸಾಧ್ಯವಿರಲಿಲ್ಲ. ಕಂಪ್ಯೂಟರಿನ ವಲಯ ಬದಲಿಸಿಟ್ಟುಕೊಂಡು ಕೆಲಸ ಮಾಡುತ್ತಿದ್ದವರು ಆಗೊಮ್ಮೆ ಈಗೊಮ್ಮೆ ಬದಲಿಸಲು ಮರೆತರೇ?

ಇನ್ನೂ ಕುತೂಹಲದ್ದು ಋತುಮಾನ. +0200 ಬಿದ್ದಿದ್ದು ಚಳಿಗಾಲದಲ್ಲಿ, +0300 ಬೇಸಿಗೆಯ ಕಡೆಗೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸುವ ದೇಶಗಳ ಲಕ್ಷಣ ಇದು. ಚೀನಾ 1991ರ ನಂತರ ಹಾಗೆ ಮಾಡಿಲ್ಲ. ಮಾಸ್ಕೊ 2014ರಿಂದ ವರ್ಷವಿಡೀ +0300. ಟರ್ಕಿಯೂ ಹಾಗೆಯೇ. ಉಳಿದದ್ದು ಪೂರ್ವ ಯುರೋಪಿನ ಸಾಲು: ಫಿನ್ಲೆಂಡ್, ಉಕ್ರೇನ್, ರೊಮೇನಿಯಾ, ಗ್ರೀಸ್. ಜೊತೆಗೆ ಇಸ್ರೇಲ್.

ಹಾಗೆಂದುಕೊಂಡು ಎಲ್ಲ ದಾಖಲೆಗಳ ಗಂಟೆಯನ್ನು ಪೂರ್ವ ಯುರೋಪಿನ ಗಂಟೆಗೆ ತಿರುಗಿಸಿ ನೋಡಿದಾಗ ಕೆಲಸ ಹೆಚ್ಚು ನಡೆದದ್ದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರೊಳಗೆ. ಅಚ್ಚುಕಟ್ಟಾದ ಕಚೇರಿ ವೇಳೆ. ಅದೇ ಚೀನಾದ ಲೆಕ್ಕಕ್ಕೆ ಹಾಕಿದರೆ ಮಧ್ಯಾಹ್ನ ಮೂರಕ್ಕೆ ಶುರುವಾಗಿ ರಾತ್ರಿ ಹನ್ನೊಂದರ ತನಕ. ಮೇಲಾಗಿ, ಚೀನೀಯರು ಊರಿಗೆ ಓಡುವ ಚಾಂದ್ರಮಾನ ಹೊಸ ವರ್ಷದ ರಜೆಯಲ್ಲೂ ಜಿಯಾ ಟ್ಯಾನ್ ಕೆಲಸಕ್ಕೆ ಹಾಜರ್. ಗೈರಾದದ್ದು ಕ್ರಿಸ್ಮಸ್‌ಗೆ ಮತ್ತು ಜನವರಿ ಒಂದಕ್ಕೆ!

ಇದು ಸಾಕ್ಷ್ಯವೇ? ಸುಳಿವು ಅಷ್ಟೆ. ಇಷ್ಟು ಜಾಣತನದಿಂದ ಎರಡು ವರ್ಷ ನಾಟಕವಾಡಿದವರು ಪೂರ್ವ ಯುರೋಪಿನ ಗುರುತನ್ನೂ ಬೇಕೆಂದೇ ಬಿಟ್ಟುಹೋಗಿರಬಹುದು. ಹಾಗೆ ಎಚ್ಚರಿಸಿದವರು ಈ ಲೆಕ್ಕ ಹಾಕಿದ ತಜ್ಞರೇ. ಜಿಯಾ ಟ್ಯಾನ್ ಯಾರೆಂಬುದು ಇಂದಿಗೂ ಬಯಲಾಗಿಲ್ಲ.

ಋತುವಿಗೆ ತಕ್ಕಂತೆ ಬದಲಾಗುವ ಗಡಿಯಾರದ ಆಟ ಬೆಂಗಳೂರಿನ ಐಟಿ ಮಂದಿಗೆ ಬಾಯಿಪಾಠ. ಕ್ಯಾಲಿಫೋರ್ನಿಯಾದ ಬೆಳಗಿನ ಎಂಟರ ಮೀಟಿಂಗು ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟೂವರೆಗೆ. ನವೆಂಬರಿನ ಮೊದಲ ಭಾನುವಾರ ಕಳೆಯಿತೋ, ಒಂಬತ್ತೂವರೆಗೆ. ಮನೆಯವರ ಊಟದ ಹೊತ್ತು ಅಮೆರಿಕದ ಗಡಿಯಾರದ ಜೊತೆ ಸರಿಯುತ್ತದೆ. ಅಲ್ಲಿರುವ ಮಗಳ ಮೇಲ್‌ಗಳ ಹೆಡರ್ ನೋಡಿದರೂ ಇದೇ ಕಥೆ: ಜುಲೈಯಲ್ಲಿ -0700, ಡಿಸೆಂಬರಿನಲ್ಲಿ -0800. ವರ್ಷವಿಡೀ -0700 ಎಂದೇ ಇದ್ದರೆ ಆಕೆ ಗಡಿಯಾರ ಮುಟ್ಟದ ಅರಿಜೋನಾದಲ್ಲಿರಬಹುದು. ಡಿಸೆಂಬರಿನಲ್ಲಿ +1100, ಜೂನಿನಲ್ಲಿ +1000 ಆದರೆ? ಬೇಸಿಗೆ ತಿರುವುಮುರುವಾಗಿದೆ, ಅಂದರೆ ಭೂಗೋಳದ ಕೆಳಗಿನ ಅರ್ಧ. ಸಿಡ್ನಿಯೋ ಮೆಲ್ಬರ್ನೋ ಇರಬೇಕು.

ಒಂದು ಮೇಲ್ ವಲಯವನ್ನಷ್ಟೇ ಹೇಳುತ್ತದೆ. ಒಂದು ವರ್ಷದ ಮೇಲ್‌ಗಳು ದೇಶ ಹೇಳುತ್ತವೆ.

ಬಿಟ್‌ಕಾಯಿನ್ ಜನಕ ಮಲಗುವ ಹೊತ್ತು

ವಲಯದ ಮುದ್ರೆಯನ್ನೇ ನಂಬದೆ, ಬರೀ ಗಂಟೆಗಳನ್ನು ಗುಡ್ಡೆ ಹಾಕಿ ನೋಡುವ ಇನ್ನೊಂದು ದಾರಿ ಇದೆ. ಮನುಷ್ಯ ಎಷ್ಟೇ ಜಾಣನಾದರೂ ಮಲಗಲೇಬೇಕು.

2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್‌ನ ನೀಲನಕ್ಷೆ ಪ್ರಕಟಿಸಿದ ಸತೋಶಿ ನಕಮೊಟೊ ತಾನು ಜಪಾನಿನವನು ಎಂದು ಹೇಳಿಕೊಂಡಿದ್ದ. ಸ್ವಿಟ್ಜರ್ಲೆಂಡಿನ ಪ್ರೋಗ್ರಾಮರ್ ಸ್ಟೆಫಾನ್ ಥಾಮಸ್, ಸತೋಶಿಯ ಐನೂರಕ್ಕೂ ಹೆಚ್ಚು ಬರಹಗಳ ಸಮಯವನ್ನು ನಕ್ಷೆಗಿಳಿಸಿದರು. ಗ್ರೀನಿಚ್ ಕಾಲಮಾನದ ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ನಕ್ಷೆ ಬಹುತೇಕ ಖಾಲಿ. ಶನಿವಾರ, ಭಾನುವಾರವೂ ಅದೇ ಕಥೆ.

ಆ ಹೊತ್ತು ಜಪಾನಿನಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟು. ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕೂವರೆ, ಅಂದರೆ ಸರ್ಕಾರಿ ಕಚೇರಿಗಳ ತುಂಬುವೇಳೆ. ದಿನಾ ಅದೇ ಹೊತ್ತಿಗೆ ಮಲಗುವ ಜಪಾನೀಯ ಎಂಥವನಿರಬೇಕು! ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಾತ್ರ ಅದು ನಡುರಾತ್ರಿ ಹನ್ನೆರಡರಿಂದ ಬೆಳಗಿನ ಆರು. ಜಪಾನಿನ ಕಥೆಯ ಮೇಲಿನ ನಂಬಿಕೆ ಸಡಿಲವಾಗಲು ಇದೂ ಒಂದು ಕಾರಣ.

ಹಾಗಾದರೆ ನ್ಯೂಯಾರ್ಕ್ ಕಡೆಯವನೇ? ಸತೋಶಿಯ ಪ್ರಬಂಧದ ಪಿಡಿಎಫ್ ಕಡತದಲ್ಲಿ ಬೇರೆಯದೇ ಮುದ್ರೆ. 2008ರ ಅಕ್ಟೋಬರಿನ ಪ್ರತಿಯಲ್ಲಿ ಯುಟಿಸಿಗಿಂತ ಏಳು ಗಂಟೆ ಹಿಂದೆ, 2009ರ ಮಾರ್ಚಿನ ಪ್ರತಿಯಲ್ಲಿ ಆರು ಗಂಟೆ ಹಿಂದೆ. ಅಮೆರಿಕದ ಗಡಿಯಾರ ಬದಲಾವಣೆಯ ದಿನಾಂಕಗಳನ್ನು ಇಟ್ಟು ನೋಡಿದರೆ ಎರಡೂ ಒಂದೇ ಊರಿಗೆ ಸರಿಹೊಂದುವುದಿಲ್ಲ. ಗೂಬೆಯಂತೆ ರಾತ್ರಿಯೆಲ್ಲ ಎದ್ದಿರುವ ಲಂಡನ್ನಿನವನು ಎಂದು ವಾದಿಸುವವರೂ ಇದ್ದಾರೆ. ನಿದ್ದೆ ಒಂದು ಊರನ್ನು ತಳ್ಳಿಹಾಕಿತು, ಇನ್ನೊಂದು ಊರನ್ನು ಖಚಿತಪಡಿಸಲಿಲ್ಲ.

ಸತೋಶಿ ತಾನೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಆಸ್ಟ್ರೇಲಿಯಾದ ಕ್ರೇಗ್ ರೈಟ್‌ಗೆ ಕಾಲವೇ ಉರುಳಾಯಿತು. ಲಂಡನ್ನಿನ ಹೈಕೋರ್ಟಿನಲ್ಲಿ ಆತ ಒಪ್ಪಿಸಿದ ದಾಖಲೆಗಳನ್ನು ತಜ್ಞರು ಬಗೆದು ನೋಡಿದರು. ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಹೊಸ ಕಡತಗಳಿಗೆ ಹಳೆಯ ದಿನಾಂಕ ಕೊಟ್ಟ ತಂತ್ರವೂ ಬಯಲಾಯಿತು. ಆತ ಸತೋಶಿ ಅಲ್ಲವೆಂದು ನ್ಯಾಯಮೂರ್ತಿ ಜೇಮ್ಸ್ ಮೆಲರ್ 2024ರ ಮಾರ್ಚ್ 14ರಂದು ಸಾರಿದರು.

ಬೇಹುಗಾರರಿಗೂ ಹತ್ತರಿಂದ ಐದು

ಒಬ್ಬ ವ್ಯಕ್ತಿ ರಾತ್ರಿಯನ್ನು ಹಗಲು ಮಾಡಿಕೊಳ್ಳಬಹುದು. ಸಂಬಳ ಪಡೆಯುವ ತಂಡಕ್ಕೆ ಅದು ಕಷ್ಟ. ಬೇಹುಗಾರಿಕೆಯೂ ನೌಕರಿಯೇ. ಹಾಜರಿ, ಊಟದ ಬಿಡುವು, ವಾರದ ರಜೆ ಎಲ್ಲ ಇರುತ್ತದೆ.

ಅಮೆರಿಕದ ಫೈರ್‌ಐ ಸಂಸ್ಥೆ 2014ರ ಅಕ್ಟೋಬರಿನಲ್ಲಿ ‘ಎಪಿಟಿ28’ ಎಂಬ ಹ್ಯಾಕರ್ ತಂಡದ ಬಗ್ಗೆ ವರದಿ ಹೊರತಂದಿತು. ತಂಡದ ಕುತಂತ್ರಾಂಶಗಳಲ್ಲಿ ಶೇ 96ಕ್ಕಿಂತ ಹೆಚ್ಚು ಸಿದ್ಧವಾದದ್ದು ಸೋಮವಾರದಿಂದ ಶುಕ್ರವಾರದೊಳಗೆ. ಶೇ 89ಕ್ಕಿಂತ ಹೆಚ್ಚು ಬೆಳಿಗ್ಗೆ ಎಂಟರಿಂದ ಸಂಜೆ ಆರರೊಳಗೆ, ಅದೂ +0400 ವಲಯದ ಗಂಟೆಯಲ್ಲಿ. ಆಗ ಮಾಸ್ಕೊ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ನ ಗಡಿಯಾರ ಅದು. ದುಬೈಯ ಗಡಿಯಾರವೂ ಅದೇ ಆದ್ದರಿಂದ ಫೈರ್‌ಐ ಅಷ್ಟಕ್ಕೇ ನಿಲ್ಲಲಿಲ್ಲ. ಕುತಂತ್ರಾಂಶದಲ್ಲಿದ್ದ ರಷ್ಯನ್ ಭಾಷೆಯ ಗುರುತು, ದಾಳಿಗೆ ಆರಿಸಿಕೊಂಡ ಗುರಿಗಳು, ಎಲ್ಲವನ್ನೂ ಜೋಡಿಸಿಯೇ ಮಾಸ್ಕೊದತ್ತ ಬೆರಳು ತೋರಿಸಿತು. ತಮಾಷೆಯೆಂದರೆ ಅದೇ ತಿಂಗಳ 26ರಂದು ರಷ್ಯಾ ತನ್ನ ಗಡಿಯಾರವನ್ನು +0300ಕ್ಕೆ ಬದಲಿಸಿಕೊಂಡಿತು. ಯಾವ ವರ್ಷದ ಮುದ್ರೆ ಎಂದು ತಿಳಿಯದೆ ಲೆಕ್ಕ ಹಾಕಿದರೆ ಮಾಸ್ಕೊ ತಪ್ಪಿಹೋಗುತ್ತದೆ.

ಕಚೇರಿ ವೇಳೆಯೇ ಗುಟ್ಟು ಬಿಟ್ಟುಕೊಡುವ ಈ ಎಡವಟ್ಟು ಅಮೆರಿಕದ ಬೇಹು ಸಂಸ್ಥೆ ಸಿಐಎಗೂ ಗೊತ್ತಿತ್ತು. 2017ರಲ್ಲಿ ವಿಕಿಲೀಕ್ಸ್ ಹೊರಹಾಕಿದ ಕಡತಗಳಲ್ಲಿ ಸಿಐಎ ಪ್ರೋಗ್ರಾಮರ್‌ಗಳಿಗೆ ಮಾಡು-ಮಾಡಬೇಡಗಳ ಪಟ್ಟಿ ಇತ್ತು. ಅದರಲ್ಲೊಂದು: ಅಮೆರಿಕದ ಕಚೇರಿ ವೇಳೆಗೆ, ಅಂದರೆ ಪೂರ್ವ ಕರಾವಳಿಯ ಬೆಳಿಗ್ಗೆ ಎಂಟರಿಂದ ಸಂಜೆ ಆರಕ್ಕೆ ತಾಳೆಯಾಗುವ ಸಮಯಮುದ್ರೆಗಳನ್ನು ತಂತ್ರಾಂಶದಲ್ಲಿ ಉಳಿಸಬೇಡಿ.

■ ಬಾಕ್ಸ್: ನಮ್ಮ ಐದೂವರೆ

• ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶವೇ ಭಾರತೀಯ ಕಾಲಮಾನದ ಆಧಾರ. ಜಾರಿಗೆ ಬಂದದ್ದು 1906ರ ಜನವರಿ 1ರಂದು.
• ಅದಕ್ಕೂ ಮೊದಲು ರೈಲುಗಳು ಮದ್ರಾಸ್ ಕಾಲಮಾನದಲ್ಲಿ ಓಡುತ್ತಿದ್ದವು. ಕಲ್ಕತ್ತಾ, ಬಾಂಬೆಗಳಿಗೆ ತಮ್ಮದೇ ಗಂಟೆ. ಕಲ್ಕತ್ತಾ 1948ರವರೆಗೂ ಅದನ್ನು ಬಿಡಲಿಲ್ಲ.
• ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರ ಒಂದು ಗಂಟೆ ಮುಂದೆ ಸರಿದು +0630 ಆಗಿತ್ತು.
• ಅಸ್ಸಾಮಿನ ಚಹಾ ತೋಟಗಳಲ್ಲಿ ಇಂದಿಗೂ ಒಂದು ಗಂಟೆ ಮುಂದಿರುವ ‘ಬಾಗಾನ್ ಟೈಮ್’ ಬಳಕೆಯಲ್ಲಿದೆ. ಅವರ ಮೇಲ್‌ನ ಮುದ್ರೆ ಮಾತ್ರ +0530.
• ಹಲವು ಕಂಪ್ಯೂಟರ್‌ಗಳು ನಮ್ಮ ವಲಯವನ್ನು ‘ಏಷ್ಯಾ/ಕೋಲ್ಕತ್ತಾ’ ಎಂದೇ ಗುರುತಿಸುತ್ತವೆ, ನೀವಿರುವುದು ಕಲಬುರಗಿಯಾದರೂ.

ಎಡವುವುದು ಎಲ್ಲಿ?

ಹೆಡರ್ ತೆರೆದ ಹೊಸಬರು ಮೊದಲು ಎಡವುವುದು ‘ರಿಸೀವ್ಡ್’ ಸಾಲುಗಳಲ್ಲಿ. ಮೇಲ್ ದಾಟಿ ಬಂದ ಒಂದೊಂದು ಸರ್ವರ್ ಕೂಡ ತನ್ನ ಸಾಲನ್ನು ಮೇಲ್ತುದಿಗೆ ಅಂಟಿಸುತ್ತ ಹೋಗುತ್ತದೆ. ಆದ್ದರಿಂದ ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಆ ಸಾಲುಗಳಲ್ಲಿರುವುದು ಸರ್ವರ್‌ನ ಗಂಟೆ, ಕಳಿಸಿದವರದ್ದಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ರಾತ್ರಿ 21:14:07 +0530ಕ್ಕೆ ಹೊರಟ ಮೇಲ್‌ಗೆ ಜಿಮೇಲ್ ಸರ್ವರ್ ‘07:44:09 -0800’ ಎಂದು ಮುದ್ರೆ ಒತ್ತುತ್ತದೆ. ನೋಡಿದವರು ‘ಅಯ್ಯೋ, ಇದು ಕ್ಯಾಲಿಫೋರ್ನಿಯಾದಿಂದ ಬಂದಿದೆ’ ಎಂದು ಬೆಚ್ಚುತ್ತಾರೆ. ಎರಡನ್ನೂ ಯುಟಿಸಿಗೆ ತಿರುಗಿಸಿ: 15:44:07 ಮತ್ತು 15:44:09. ಎರಡೇ ಸೆಕೆಂಡ್ ಅಂತರ. ಗೂಗಲ್ ತನ್ನ ಮುದ್ರೆಗಳಿಗೆ ಕ್ಯಾಲಿಫೋರ್ನಿಯಾದ ಗಂಟೆ ಬಳಸುತ್ತದೆ, ಅಷ್ಟೆ. ಕೋರಮಂಗಲದಿಂದ ಜಯನಗರಕ್ಕೆ ಕಳಿಸಿದ ಮೇಲ್‌ನಲ್ಲೂ ಅದು ಇರುತ್ತದೆ. ಹಾಗೆಯೇ ಕಚೇರಿಗಳ ಔಟ್‌ಲುಕ್ ಮೇಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ +0000 ನೋಡಿ ಕಳಿಸಿದವರು ಲಂಡನ್ನಿನಲ್ಲಿದ್ದಾರೆ ಎಂದುಕೊಳ್ಳಬೇಡಿ.

ಎರಡನೆಯದು, ‘ಡೇಟ್’ ಸಾಲು ಕಳಿಸಿದವರ ಕಡೆಯಲ್ಲೇ ಹುಟ್ಟುವಂಥದ್ದು. ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ವಲಯ ಬದಲಿಸಲು ಅರ್ಧ ನಿಮಿಷ ಸಾಕು. ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶಗಳಲ್ಲಿ ವಲಯವನ್ನು ಮರೆಮಾಚಿ ಯುಟಿಸಿಯಲ್ಲೇ ಕಳಿಸುವ ಆಯ್ಕೆಯೂ ಇದೆ. ಗುರುತು ಮರೆಮಾಚುವ ಟಾರ್ ಬ್ರೌಸರ್ ಎಲ್ಲ ಬಳಕೆದಾರರನ್ನೂ ಯುಟಿಸಿಯವರೆಂದೇ ತೋರಿಸುತ್ತದೆ. ಇದು ಕಳ್ಳರಿಗಷ್ಟೇ ಬೇಕಾದ ಅನುಕೂಲವಲ್ಲ. ಸರ್ವಾಧಿಕಾರಿಯ ಕಣ್ಣು ತಪ್ಪಿಸಿ ಸುದ್ದಿ ಕಳಿಸುವ ಪತ್ರಕರ್ತರಿಗೆ, ಕಿರುಕುಳ ಕೊಡುವ ಗಂಡನಿಂದ ದೂರ ಹೋದ ಹೆಣ್ಣುಮಕ್ಕಳಿಗೆ ತಮ್ಮ ವಲಯ ಗೊತ್ತಾಗದಿರುವುದು ಜೀವದ ಪ್ರಶ್ನೆ.

ಅಂಥವರು ಮರೆಯಬಾರದ ಒಂದು ಮಾತು: ವಿಪಿಎನ್ ಹಾಕಿಕೊಂಡರೆ ಬದಲಾಗುವುದು ಐಪಿ ವಿಳಾಸ ಮಾತ್ರ. ಕಂಪ್ಯೂಟರಿನ ಗಡಿಯಾರ ಮೊದಲಿದ್ದ ವಲಯದಲ್ಲೇ ಇರುತ್ತದೆ. ನೆದರ್‌ಲೆಂಡ್ಸ್‌ನ ಐಪಿಯಿಂದ +0530 ಮುದ್ರೆ ಹೊತ್ತು ಬಂದ ಮೇಲ್, ಏನೋ ಮುಚ್ಚಿಡಲಾಗುತ್ತಿದೆ ಎಂದು ತಾನೇ ಹೇಳಿಬಿಡುತ್ತದೆ.

ಪೊಲೀಸರ ಕೈಗೆ ಹೋದಾಗ

2023ರ ಡಿಸೆಂಬರ್ 1ರ ಶುಕ್ರವಾರ ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಮೇಲ್ ಬಂದು, ಪೋಷಕರು ಬಿದ್ದೆದ್ದು ಗೇಟಿನತ್ತ ಓಡಿದ್ದು ನೆನಪಿರಬಹುದು. ಬೆದರಿಕೆ ಹುಸಿ ಎಂದಾಯಿತು. ಆದರೆ ‘ಎಲ್ಲಿಂದ ಬಂತು’ ಎಂಬ ಪ್ರಶ್ನೆ ಹುಸಿಯಲ್ಲ. ಇಂಥ ಪ್ರಕರಣಗಳಲ್ಲಿ ತನಿಖೆ ವಲಯದ ಮುದ್ರೆಗೆ ನಿಲ್ಲುವುದಿಲ್ಲ. ಮೇಲ್ ಸೇವೆ ನೀಡಿದ ಸಂಸ್ಥೆಯಿಂದ ಲಾಗ್ (ಬಳಕೆಯ ದಾಖಲೆ) ತರಿಸಿಕೊಂಡು, ಅದರ ಐಪಿ ವಿಳಾಸ ಆ ಕ್ಷಣದಲ್ಲಿ ಯಾರ ಬಳಿ ಇತ್ತೆಂದು ಇಂಟರ್‌ನೆಟ್ ಕಂಪನಿಯನ್ನು ಕೇಳಬೇಕು.

‘ಆ ಕ್ಷಣ’ ಎಂಬುದರಲ್ಲೇ ಎಲ್ಲ ಇದೆ. ಒಂದೇ ಐಪಿ ವಿಳಾಸ ಬೆಳಿಗ್ಗೆ ಒಬ್ಬರ ಬಳಿ, ಸಂಜೆ ಇನ್ನೊಬ್ಬರ ಬಳಿ ಇರುತ್ತದೆ. ಸಂಸ್ಥೆ ಯುಟಿಸಿಯಲ್ಲಿ ಕೊಟ್ಟ ಗಂಟೆಯನ್ನು ಯಾರಾದರೂ ಭಾರತೀಯ ಕಾಲಮಾನ ಎಂದು ಓದಿಕೊಂಡರೆ ಐದೂವರೆ ಗಂಟೆಯ ತಪ್ಪು. ಆ ತಪ್ಪಿನ ತುದಿಯಲ್ಲಿ ನಿರಪರಾಧಿಯ ಮನೆಬಾಗಿಲು ಇರಬಹುದು.

ಗಡಿಯಾರಗಳೇ ಒಂದಕ್ಕೊಂದು ತಾಳೆಯಾಗದಿದ್ದರೆ? ಅದಕ್ಕೇ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಸೇವಾ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು. ದೇಶದ ಐದು ಕೇಂದ್ರಗಳಿಂದ ಕರಾರುವಾಕ್ಕಾದ ಭಾರತೀಯ ಸಮಯ ಹಂಚುವ ಯೋಜನೆಯೂ ನಡೆದಿದೆ. ಆ ಐದರಲ್ಲಿ ಬೆಂಗಳೂರಿನ ಪ್ರಯೋಗಾಲಯವೂ ಒಂದು.

ಬೆದರಿಕೆಯ ಅಥವಾ ವಂಚನೆಯ ಮೇಲ್ ಬಂದಾಗ ನಾವು ಮಾಡುವ ಮೊದಲ ಕೆಲಸವೆಂದರೆ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವುದು, ಇಲ್ಲವೇ ಪರಿಚಯದ ಪೊಲೀಸರಿಗೆ ಫಾರ್ವರ್ಡ್ ಮಾಡುವುದು. ಎರಡೂ ನಿರುಪಯೋಗಿ. ಸ್ಕ್ರೀನ್‌ಶಾಟಿನಲ್ಲಿ ಹೆಡರ್ ಇರುವುದಿಲ್ಲ. ಫಾರ್ವರ್ಡ್ ಮಾಡಿದರೆ ನಿಮ್ಮ ಹೆಡರ್ ಹೋಗುತ್ತದೆ, ಅವರದ್ದಲ್ಲ. ಮೂಲ ಮೇಲ್ ಅಳಿಸದೆ ಇಡಿ. ‘ಡೌನ್‌ಲೋಡ್ ಒರಿಜಿನಲ್’ ಒತ್ತಿ ಇಡೀ ಕಡತ ಉಳಿಸಿಕೊಂಡು ಸೈಬರ್ ಠಾಣೆಗೆ ಒಯ್ಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರವೂ ಬೇಕು.

ದೂರು ಕೊಡಲು ‘ನೋಡೋಣ’ ಎಂದು ಮೀನಮೇಷ ಎಣಿಸುತ್ತ ಕೂರಬೇಡಿ. ಇತ್ತ ಆ 180 ದಿನಗಳ ಎಣಿಕೆ ಆಗಲೇ ಶುರುವಾಗಿರುತ್ತದೆ.